ಅಂಡಾಣು ಬಲಿತಿರಲಿಲ್ಲ, ಸರಿ. ಆದರೆ ಯಾಕೆ? ತುಮಕೂರಿನ ಒಂದು ಐವಿಎಫ್ ಪ್ರಕರಣ

ಈ ಪ್ರಕರಣ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ದಂಪತಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಹಳ್ಳಿ, ವರ್ಷ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ. ನಾನು ತುಮಕೂರಿನ ಒಂದು ಐವಿಎಫ್ ಕೇಂದ್ರದ ಲ್ಯಾಬಿನಲ್ಲಿ ಎಂಬ್ರಿಯಾಲಜಿಸ್ಟ್. ಡಾಕ್ಟರ್ ಸೂಜಿಯಿಂದ ತೆಗೆದುಕೊಟ್ಟ ದ್ರವದಲ್ಲಿ ಅಂಡಾಣು ಹುಡುಕುವುದು, ಅದಕ್ಕೆ ವೀರ್ಯಾಣು ಸೇರಿಸುವುದು, ಭ್ರೂಣ ಬೆಳೆಸುವುದು ನನ್ನ ಕೆಲಸ. ಚಿಕಿತ್ಸೆಗೆ ಬಂದವರು ನನ್ನ ಮುಖ ನೋಡುವುದೇ ಕಡಿಮೆ. ಈ ಪ್ರಕರಣದಲ್ಲಿ ಮಾತ್ರ ನಾನು ಅವರ ಮನೆಯವರ ಜೊತೆ ತುಂಬಾ ಹೊತ್ತು ಕೂತು ಮಾತಾಡಬೇಕಾಯಿತು.

ಹಿನ್ನೆಲೆ

ಆಕೆಗೆ 31 ವರ್ಷ. ಮದುವೆಯಾಗಿ ಏಳು ವರ್ಷ. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ಸೀಮೆಯವರು, ಸ್ವಂತ ತೋಟ ಇದೆ. ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತಿತ್ತು. ಅಂಡಾಶಯದ ದಾಸ್ತಾನು ಹೇಳುವ ಎಎಮ್‌ಎಚ್ ಪರೀಕ್ಷೆಯೂ ಚೆನ್ನಾಗಿತ್ತು. ಗರ್ಭನಾಳ ಎರಡೂ ಕಡೆ ಮುಚ್ಚಿತ್ತು, ಐವಿಎಫ್‌ಗೆ ಬಂದದ್ದು ಅದಕ್ಕೇ. ಗಂಡನ ವೀರ್ಯ ಪರೀಕ್ಷೆ ಅಷ್ಟೇನೂ ಕೆಟ್ಟದಾಗಿರಲಿಲ್ಲ, ಓಡಾಟ ಸ್ವಲ್ಪ ಕಡಿಮೆ ಅಷ್ಟೆ.

ನಮ್ಮಲ್ಲಿಗೆ ಬರುವ ಮೊದಲು ಬೇರೆ ಊರಿನ ಇನ್ನೊಂದು ಕೇಂದ್ರದಲ್ಲಿ ಒಂದು ಸಲ ಪ್ರಯತ್ನ ಆಗಿತ್ತು. ಆ ಫೈಲಿನಲ್ಲಿದ್ದದ್ದು ಇಷ್ಟು: ಸ್ಕ್ಯಾನ್‌ನಲ್ಲಿ 12 ಫಾಲಿಕಲ್ (ಅಂಡಾಶಯದಲ್ಲಿ ಅಂಡಾಣು ಬೆಳೆಯುವ ದ್ರವ ತುಂಬಿದ ಸಣ್ಣ ಚೀಲ), ಸಿಕ್ಕ ಅಂಡಾಣು 3, ಮೂರೂ ಬಲಿತಿಲ್ಲ. ಕೊನೆಯ ಸಾಲಿನಲ್ಲಿ, ಅಂಡಾಣುವಿನ ಗುಣಮಟ್ಟ ಕಡಿಮೆ, ದಾನಿಯ ಅಂಡಾಣು ಬಳಸುವುದು ಒಳ್ಳೆಯದು ಅಂತ ಬರೆದಿತ್ತು.

ಆ ಒಂದು ಸಾಲು ಒಂದು ಮನೆಯಲ್ಲಿ ಏನೇನು ಮಾಡುತ್ತದೆ ಅಂತ ಬರೆದವರಿಗೆ ಗೊತ್ತಾಗುವುದಿಲ್ಲ. ಅತ್ತೆ ಮೊದಲ ದಿನವೇ ನಮ್ಮ ಡಾಕ್ಟರ್ ಹತ್ತಿರ ಕೇಳಿದ್ದು, "ನಮ್ಮ ಸೊಸೆ ಮೊಟ್ಟೇನೇ ಸರಿಯಿಲ್ವಂತಲ್ಲ ಮೇಡಂ, ಮತ್ತೆ ಯಾಕೆ ಖರ್ಚು ಮಾಡೋದು?" ಸೊಸೆ ಪಕ್ಕದಲ್ಲೇ ಕೂತಿದ್ದಳು. ತಲೆ ಎತ್ತಲಿಲ್ಲ.

ಫೈಲ್ ನನ್ನ ಕೈಗೆ ಬಂದಾಗ ನಾನು ಹುಡುಕಿದ್ದು ಒಂದೇ ವಿಷಯ. ಆ ಮೂರು ಅಂಡಾಣುಗಳ ಸುತ್ತ ಇದ್ದ ಕೋಶಗಳು ಹೇಗಿದ್ದವು? ಅದನ್ನು ಯಾರೂ ಬರೆದಿರಲಿಲ್ಲ.

ಸುತ್ತಲಿನ ಕೋಶಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ

ಇದು ಗೊತ್ತಿಲ್ಲದಿದ್ದರೆ ಮುಂದೆ ನಾವು ಯಾಕೆ ಹಾಗೆ ಮಾಡಿದೆವು ಅಂತ ಅರ್ಥ ಆಗುವುದಿಲ್ಲ. ಮನುಷ್ಯರ ಅಂಡಾಣು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ. ಅದು ಯಾವತ್ತೂ ಒಂಟಿಯಾಗಿ ಇರುವುದಿಲ್ಲ. ಅದರ ಸುತ್ತ ಸಾವಿರಾರು ಸಣ್ಣ ಕೋಶಗಳು ಮುತ್ತಿಕೊಂಡಿರುತ್ತವೆ. ಇವಕ್ಕೆ ಕ್ಯುಮ್ಯುಲಸ್ ಕೋಶ ಅನ್ನುತ್ತೇವೆ. ತೀರಾ ಒಳಗಿನ ಸಾಲಿನ ಕೋಶಗಳು ಅಂಡಾಣುವಿನ ಗಟ್ಟಿ ಹೊದಿಕೆಯನ್ನು ತೂರಿಕೊಂಡು ತೆಳ್ಳನೆಯ ಕೈಗಳನ್ನು ಒಳಗೆ ಚಾಚಿರುತ್ತವೆ. ಆ ಕೈಗಳ ತುದಿಯಲ್ಲಿ ಸಣ್ಣ ಸಣ್ಣ ತೂತುಗಳಿವೆ, ಅಲ್ಲಿಂದ ಸಾಮಾನು ಸಾಗುತ್ತದೆ. ಅಂಡಾಣುವಿಗೆ ಸಕ್ಕರೆಯನ್ನು ನೇರವಾಗಿ ಬಳಸಿಕೊಳ್ಳಲು ಅಷ್ಟಾಗಿ ಬರುವುದಿಲ್ಲ. ಸುತ್ತಲಿನ ಕೋಶಗಳೇ ಅದನ್ನು ಪೈರುವೇಟ್ ಮಾಡಿ ಕೊಡುತ್ತವೆ. ತಾಯಿ ಮಗುವಿಗೆ ಅನ್ನ ಕಿವುಚಿ ತಿನ್ನಿಸುತ್ತಾಳಲ್ಲ, ಹಾಗೆ.

ಊಟ ಕೊಡುವುದಷ್ಟೇ ಅಲ್ಲ, ಅಂಡಾಣುವನ್ನು ನಿದ್ದೆಯಲ್ಲಿ ಇಡುವುದೂ ಇವೇ. ಹೆಣ್ಣುಮಗು ಹುಟ್ಟುವ ಮೊದಲೇ ಅವಳ ಅಂಡಾಣುಗಳು ಅರ್ಧ ದಾರಿಯಲ್ಲಿ ನಿಂತುಬಿಟ್ಟಿರುತ್ತವೆ. ಫಾಲಿಕಲ್ ದೊಡ್ಡದಾದ ಮೇಲೂ ಅವು ಎದ್ದುಬಿಡದಂತೆ ಸುತ್ತಲಿನ ಕೋಶಗಳು ಸೈಕ್ಲಿಕ್ ಜಿಎಂಪಿ ಎಂಬ ಸಣ್ಣ ಅಣುವನ್ನು ಆ ತೂತುಗಳ ಮೂಲಕ ಒಳಗೆ ಕಳಿಸುತ್ತಾ ಇರುತ್ತವೆ. ಬ್ರೇಕ್ ಮೇಲೆ ಕಾಲಿಟ್ಟ ಹಾಗೆ. 1935ರಲ್ಲಿ ಪಿಂಕಸ್ ಮತ್ತು ಎನ್ಜ್‌ಮನ್ ಮೊಲದ ಅಂಡಾಣುವನ್ನು ಫಾಲಿಕಲ್‌ನಿಂದ ಹೊರಗೆ ತೆಗೆದಿಟ್ಟರೆ ಅದು ತಾನಾಗಿ ಬಲಿಯಲು ಶುರು ಮಾಡುತ್ತದೆ ಅಂತ ನೋಡಿದ್ದರು. ಅಂದರೆ ತಡೆ ಇರುವುದು ಅಂಡಾಣುವಿನಲ್ಲಿ ಅಲ್ಲ, ಅದರ ಸುತ್ತಮುತ್ತ.

ಎಬ್ಬಿಸುವುದು ಎಲ್‌ಎಚ್ ಹಾರ್ಮೋನ್. ಐವಿಎಫ್‌ನಲ್ಲಿ ಅದರ ಬದಲು ಸಾಮಾನ್ಯವಾಗಿ ಎಚ್‌ಸಿಜಿ ಇಂಜೆಕ್ಷನ್ ಕೊಡುತ್ತೇವೆ, ಅದಕ್ಕೆ ಟ್ರಿಗರ್ ಅಂತ ಹೆಸರು. ಈ ಸಂದೇಶ ಅಂಡಾಣುವಿಗೆ ನೇರವಾಗಿ ಕೇಳಿಸುವುದೇ ಇಲ್ಲ. ಫಾಲಿಕಲ್ ಗೋಡೆಯ ಕೋಶಗಳಿಗೆ ಕೇಳಿಸುತ್ತದೆ. ಅವು ಆಂಫಿರೆಗ್ಯುಲಿನ್‌ನಂಥ ಬೇರೆ ಅಣುಗಳ ಮೂಲಕ ಕ್ಯುಮ್ಯುಲಸ್‌ಗೆ ಹೇಳುತ್ತವೆ. ಇದು ಚೆನ್ನಾಗಿ ತಿಳಿದದ್ದು 2004ರಲ್ಲಿ. ಆಗ ಬ್ರೇಕ್ ಬಿಡುತ್ತದೆ, ಅಂಡಾಣು ಏಳುತ್ತದೆ. ಅದೇ ಹೊತ್ತಿಗೆ ಕ್ಯುಮ್ಯುಲಸ್ ಕೋಶಗಳು ಹ್ಯಾಲುರಾನಿಕ್ ಆಮ್ಲ ಎಂಬ ಲೋಳೆಯನ್ನು ಸುರಿಸಿ, ಒಂದಕ್ಕೊಂದು ದೂರ ಸರಿದು, ಉಬ್ಬಿಕೊಳ್ಳುತ್ತವೆ. ಬಿಗಿಯಾದ ಮಣಿಯಂತಿದ್ದದ್ದು ಬಿಳಿ ಮೋಡದ ಹಾಗೆ ಅಗಲವಾಗುತ್ತದೆ. ಬರಿಗಣ್ಣಿಗೇ ಕಾಣುತ್ತದೆ. ಹೀಗೆ ಉಬ್ಬಿದ ಮೇಲೆಯೇ ಅದು ಫಾಲಿಕಲ್ ಗೋಡೆಯನ್ನು ಬಿಟ್ಟು ದ್ರವದಲ್ಲಿ ತೇಲುವುದು. ಉಬ್ಬದಿದ್ದರೆ ಗೋಡೆಗೇ ಅಂಟಿಕೊಂಡಿರುತ್ತದೆ, ಸೂಜಿ ಹಾಕಿದರೆ ಬರೀ ನೀರು ಬರುತ್ತದೆ.

ಈಗ ಆ ಹಳೇ ಫೈಲಿನ ಲೆಕ್ಕ ನೋಡಿ. 12 ಫಾಲಿಕಲ್‌ಗೆ 3 ಅಂಡಾಣು, ಅವೂ ಬಲಿತಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬಂತು, ಆದರೆ ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಇನ್ನೊಂದು ಲ್ಯಾಬಿನ ಕೆಲಸದ ಬಗ್ಗೆ ನೋಡದೆ ಮಾತಾಡುವುದು ಬೇಡ ಅಂತ ಸುಮ್ನೆ ಇದ್ದೆ. ಆ ಮೌನದಿಂದಲೇ ಅರ್ಧ ತಪ್ಪಾಯಿತು ಅಂತ ಈಗ ಅನ್ನಿಸುತ್ತದೆ.

ಆ ದಿನ ಬೆಳಿಗ್ಗೆ

ನಮ್ಮಲ್ಲಿ ಚಿಕಿತ್ಸೆ ಚೆನ್ನಾಗಿಯೇ ಸಾಗಿತು. ಹತ್ತು ದಿನದ ಇಂಜೆಕ್ಷನ್ ನಂತರ ಎಡಗಡೆ 6, ಬಲಗಡೆ 8 ದೊಡ್ಡ ಫಾಲಿಕಲ್. ಟ್ರಿಗರ್ ಇಂಜೆಕ್ಷನ್ ರಾತ್ರಿ ಹತ್ತು ಗಂಟೆಗೆ, ಅದಾಗಿ 36 ಗಂಟೆಗೆ ಅಂಡಾಣು ತೆಗೆಯುವುದು, ನಾವು ಪಿಕಪ್ ಅನ್ನುತ್ತೇವೆ. ಅಷ್ಟು ರಾತ್ರಿಯಲ್ಲಿ ತುಮಕೂರಿಗೆ ಬರುವುದು ಕಷ್ಟ ಅಂತ ಅವರು ಇಂಜೆಕ್ಷನ್ ಬಾಕ್ಸನ್ನು ಐಸ್ ಜೊತೆ ಊರಿಗೇ ತೆಗೆದುಕೊಂಡು ಹೋದರು. ಊರಲ್ಲಿ ಸೂಜಿ ಹಾಕಿ ಗೊತ್ತಿರುವ ಒಬ್ಬರಿದ್ದರು.

ಪಿಕಪ್ ದಿನ ಎಡಗಡೆಯಿಂದ ಶುರು ಮಾಡಿದೆವು. ಆಪರೇಷನ್ ಥಿಯೇಟರಿಗೂ ಲ್ಯಾಬಿಗೂ ನಡುವೆ ಒಂದು ಸಣ್ಣ ಕಿಟಕಿ, ಅದರಲ್ಲಿ ದ್ರವದ ಟ್ಯೂಬ್ ನನ್ನ ಕೈಗೆ ಬರುತ್ತದೆ. ಮೊದಲ ಟ್ಯೂಬ್, ಏನೂ ಇಲ್ಲ. ಎರಡನೆಯದು, ಇಲ್ಲ. ಮೂರನೆಯದರಲ್ಲಿ ಒಂದು ಸಿಕ್ಕಿತು. ಐದನೆಯದರಲ್ಲಿ ಇನ್ನೊಂದು. ಆರು ಮುಗಿದವು, ಕೈಯಲ್ಲಿ ಎರಡೇ.

ಎರಡನ್ನೂ ಮೈಕ್ರೋಸ್ಕೋಪಿನಡಿ ಇಟ್ಟೆ. ಮೋಡ ಇಲ್ಲ. ಲೋಳೆ ಇಲ್ಲ. ಅಂಡಾಣುವಿನ ಸುತ್ತ ಕೋಶಗಳು ಒತ್ತೊತ್ತಾಗಿ ಕಪ್ಪು ಮಣಿಯ ಹಾಗೆ ಬಿಗಿದುಕೊಂಡಿದ್ದವು. ಒಂದು ಬಿಗಿಯಾಗಿದ್ದರೆ ಸರಿ, ಎಲ್ಲ ಫಾಲಿಕಲ್ ಒಂದೇ ಸಮ ಇರುವುದಿಲ್ಲ. ಎರಡೂ ಹೀಗೇ, ಉಳಿದ ನಾಲ್ಕರಲ್ಲಿ ಏನೂ ಇಲ್ಲ ಅಂದರೆ ಅದು ಅಂಡಾಣುವಿನ ದೋಷ ಅಲ್ಲ. ಎಬ್ಬಿಸುವ ಸಂದೇಶವೇ ಬಂದಿಲ್ಲ.

ನಾನು ಕಿಟಕಿಯಿಂದಲೇ ಕೂಗಿದೆ, "ಮೇಡಂ, ಬಲಗಡೆ ಮುಟ್ಟಬೇಡಿ. ಸ್ವಲ್ಪ ನಿಲ್ಲಿಸಿ."

ಈ ಕ್ಷಣದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇಡೀ ಪ್ರಕರಣ ತಿರುಗಿದ್ದು ಇಲ್ಲೇ. ಆಕೆಗೆ ಅರಿವಳಿಕೆ ಕೊಟ್ಟಾಗಿದೆ. ಹೊರಗೆ ಮನೆಯವರು ಕಾಯುತ್ತಿದ್ದಾರೆ. ಸೂಜಿ ಒಳಗಿದೆ, ಇನ್ನು ಹತ್ತು ನಿಮಿಷದ ಕೆಲಸ. ಡಾಕ್ಟರ್ ಕೇಳಿದ್ದು ಸಹಜವಾಗಿತ್ತು: "ಬಲಗಡೆ ಎಂಟಿದೆ, ಅಲ್ಲಿ ಒಳ್ಳೇದು ಬರಬಹುದಲ್ವಾ?" ಬರಬಹುದಿತ್ತು. ನಾನು ತಪ್ಪಿದ್ದರೆ ಆಕೆಗೆ ಸುಮ್ಮನೆ ಎರಡನೇ ಸಲ ಅರಿವಳಿಕೆ, ಜೊತೆಗೆ ಕಾಯುವ ಹೊತ್ತಿನಲ್ಲಿ ಫಾಲಿಕಲ್‌ಗಳು ತಾವಾಗಿ ಒಡೆದುಹೋಗುವ ಅಪಾಯ. ನಾನು ಸರಿಯಿದ್ದು ನಾವು ಮುಂದುವರಿದರೆ ಆ ಎಂಟೂ ಹೋದವು, ಫೈಲಿನಲ್ಲಿ ಮತ್ತದೇ ಸಾಲು.

ಪರೀಕ್ಷಿಸಲು ಒಂದು ಸುಲಭ ದಾರಿ ಇತ್ತು. ಗರ್ಭ ನಿಂತಿದೆಯೋ ಅಂತ ನೋಡುವ ಕಿಟ್ ಹುಡುಕುವುದು ಎಚ್‌ಸಿಜಿಯನ್ನೇ. ಟ್ರಿಗರ್ ನಿಜವಾಗಿ ಮೈಗೆ ಹೋಗಿದ್ದರೆ 36 ಗಂಟೆಯ ನಂತರವೂ ಕಿಟ್‌ನಲ್ಲಿ ಎರಡು ಗೆರೆ ಬರಲೇಬೇಕು. ರಕ್ತ ತೆಗೆದೆವು, ತಿರುಗಿಸಿ ತಿಳಿ ಬೇರೆ ಮಾಡಿ ಕಾರ್ಡ್ ಮೇಲೆ ಮೂರು ಹನಿ ಹಾಕಿದೆವು. ಅರಿವಳಿಕೆ ಡಾಕ್ಟರ್ ಹತ್ತು ನಿಮಿಷ ಕಾಯಲು ಒಪ್ಪಿದರು.

ಒಂದೇ ಗೆರೆ.

ಸೂಜಿ ಹೊರಗೆ ತೆಗೆದರು. ಪಿಕಪ್ ಅಲ್ಲಿಗೆ ನಿಂತಿತು. ಮಧ್ಯಾಹ್ನ ಲ್ಯಾಬಿನಿಂದ ಬಂದ ರಕ್ತದ ವರದಿಯೂ ಅದನ್ನೇ ಹೇಳಿತು, ಎಚ್‌ಸಿಜಿ ಇಲ್ಲವೇ ಇಲ್ಲ.

ಬಾಕ್ಸಿನಲ್ಲಿ ಸಿಕ್ಕಿದ್ದು

ಮನೆಯವರನ್ನು ಕೂರಿಸಿಕೊಂಡು ಕೇಳಿದಾಗ ಮೊದಲು ಎಲ್ಲರೂ ಗಾಬರಿಯಾದರು. ಇಂಜೆಕ್ಷನ್ ತೆಗೆದುಕೊಂಡಿದ್ದು ನಿಜ, ಸರಿಯಾಗಿ ಹತ್ತು ಗಂಟೆಗೇ. ಗಂಡ ಫೋನಿನಲ್ಲಿ ಟೈಮ್ ಕೂಡ ಬರೆದಿಟ್ಟುಕೊಂಡಿದ್ದರು. ಬಾಕ್ಸ್ ಎಲ್ಲಿ ಅಂದೆ. ನಾದಿನಿ ಅದನ್ನು ಎಸೆದಿರಲಿಲ್ಲ, ಮುಂದೆ ಬೇಕಾಗಬಹುದು ಅಂತ ಬ್ಯಾಗಿನಲ್ಲೇ ಇಟ್ಟುಕೊಂಡು ಬಂದಿದ್ದಳು. ಆ ಹುಡುಗಿಯ ಜಾಗರೂಕತೆಗೆ ನಾನು ಇವತ್ತಿಗೂ ಋಣಿ.

ಬಾಕ್ಸಿನಲ್ಲಿ ಎರಡು ಸೀಸೆ ಬರುತ್ತದೆ. ಒಂದರಲ್ಲಿ ನೀರಿನಂಥ ದ್ರವ, ಇನ್ನೊಂದರಲ್ಲಿ ಔಷಧಿಯ ಪುಡಿ. ಪುಡಿಯನ್ನು ದ್ರವದಲ್ಲಿ ಕರಗಿಸಿ ಚುಚ್ಚಬೇಕು. ಪುಡಿ ಸೀಸೆಯ ತಳದಲ್ಲಿ ಬೆಳ್ಳಗೆ ತೆಳ್ಳಗೆ ಅಂಟಿರುತ್ತದೆ. ರಾತ್ರಿ ಹೊತ್ತು ಅವಸರದಲ್ಲಿ ನೋಡಿದರೆ ಖಾಲಿ ಸೀಸೆ ಅಂತಲೇ ಅನ್ನಿಸುತ್ತದೆ. ನೀರಿನ ಸೀಸೆ ಒಡೆದಿತ್ತು. ಪುಡಿಯ ಸೀಸೆ ಹಾಗೇ ಇತ್ತು.

ಅಂದರೆ ಆಕೆಗೆ ಚುಚ್ಚಿದ್ದು ಬರೀ ನೀರು.

ಕೊಟ್ಟವರನ್ನು ಬೈಯುವುದು ಸುಲಭ. ಆದರೆ ನಾವು ಕೊಟ್ಟ ಚೀಟಿ ಇಂಗ್ಲಿಷಿನಲ್ಲಿತ್ತು. ಎರಡು ಸೀಸೆ ಇದೆ, ಎರಡನ್ನೂ ಒಡೆಯಬೇಕು ಅಂತ ಅದರಲ್ಲಿ ಒಂದು ಮಾತೂ ಇರಲಿಲ್ಲ. ಹೊರರೋಗಿ ವಿಭಾಗದಲ್ಲಿ ಅವಸರದಲ್ಲಿ ಬಾಯಲ್ಲಿ ಹೇಳಿದ್ದೆವು ಅಷ್ಟೆ. ತಪ್ಪು ನಮ್ಮದು, ಅದನ್ನು ಅವರ ಎದುರಿಗೇ ಒಪ್ಪಿಕೊಂಡೆವು.

ಹಿಂದಿನ ಸಲವೂ ಊರಲ್ಲಿ ಅವರೇ ಇಂಜೆಕ್ಷನ್ ಕೊಟ್ಟಿದ್ದಂತೆ. ಆಗಲೂ ಒಂದೇ ಸೀಸೆ ಒಡೆದ ನೆನಪು ಅಂತ ಗಂಡ ಹೇಳಿದರು. ಇದು ಸಾಕ್ಷಿ ಅಲ್ಲ, ಆ ಬಾಕ್ಸ್ ಈಗ ಇಲ್ಲ. ಆದರೆ ಅವತ್ತು ಯಾರಾದರೂ ಅಂಡಾಣುವಿನ ಸುತ್ತಲಿನ ಕೋಶ ಬಿಗಿಯಾಗಿತ್ತು ಅಂತ ಎರಡು ಪದ ಬರೆದಿದ್ದರೆ ಸಾಕಿತ್ತು.

ಅತ್ತೆಗೆ ಹೇಗೆ ಹೇಳುವುದು ಅಂತ ನಾನು ತಡಕಾಡುತ್ತಿದ್ದೆ. ಸುತ್ತಲಿನ ಕೋಶ ಉಬ್ಬಿದರೆ ಮಾತ್ರ ಅಂಡಾಣು ಗೋಡೆ ಬಿಡುತ್ತದೆ ಅಂದೆ. ಅವರು ಒಂದು ಕ್ಷಣ ಯೋಚಿಸಿ, "ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿ ನೋಡ್ತೀವಲ್ಲಮ್ಮ. ಕೊಬ್ಬರಿ ಚಿಪ್ಪು ಬಿಟ್ಟಿದ್ರೆ ಒಳಗೆ ಲೊಟಲೊಟ ಅನ್ನುತ್ತೆ. ಬಿಡದೇ ಇದ್ರೆ ಸುಲಿಯಲ್ಲ. ಹಂಗೇನಾ?" ಅಂದರು. ಉಂಡೆ ಕೊಬ್ಬರಿ ಮಾಡುವವರಿಗೆ ಒಡೆಯದೇ ಒಳಗಿನದು ತಿಳಿಯುವ ವಿದ್ಯೆ ಗೊತ್ತು. ಹಂಗೇ ಅಮ್ಮ ಅಂದೆ. "ಹಂಗಾದ್ರೆ ಮೊಟ್ಟೆ ತಪ್ಪಲ್ಲ, ನಾವು ಮೊದಲೇ ಸುಲಿದುಬಿಟ್ವಿ" ಅಂತ ಹೇಳಿ ಸೊಸೆ ಮಲಗಿದ್ದ ಕೋಣೆಗೆ ಎದ್ದು ಹೋದರು.

ಮತ್ತೆ ಟ್ರಿಗರ್

ಅವತ್ತೇ ರಾತ್ರಿ ಎಂಟು ಗಂಟೆಗೆ ನಮ್ಮ ನರ್ಸ್ ಕೈಯಿಂದಲೇ ಎಚ್‌ಸಿಜಿ ಕೊಡಿಸಿದೆವು, ಎರಡು ಸೀಸೆಯನ್ನೂ ಅವರಿಗೆ ತೋರಿಸಿ. ಅಲ್ಲಿಯ ತನಕ ಫಾಲಿಕಲ್ ಒಡೆಯದ ಹಾಗೆ ತಡೆಯುವ ಇಂಜೆಕ್ಷನ್ ಇನ್ನೊಂದು ಡೋಸ್ ಹೋಗಿತ್ತು. ಮಾರನೇ ಬೆಳಿಗ್ಗೆ ಕಿಟ್ ಹಾಕಿದಾಗ ಎರಡು ಗೆರೆ. ನಾನು ಖುಷಿಯಿಂದ ತೋರಿಸಿದೆ. ಆಕೆ ಅಳತೊಡಗಿದಳು. ಏಳು ವರ್ಷ ಪ್ರತಿ ತಿಂಗಳು ಒಂದೇ ಗೆರೆ ನೋಡಿದವಳು. ಇದು ಇಂಜೆಕ್ಷನ್‌ನ ಗೆರೆ, ಗರ್ಭದ್ದಲ್ಲ ಅಂತ ಮೊದಲೇ ಹೇಳಿ ಆಮೇಲೆ ತೋರಿಸಬೇಕಿತ್ತು. ಈಗ ಹಾಗೇ ಮಾಡುತ್ತೇವೆ.

ಹಿಂದಿನ ದಿನದ ಆ ಎರಡು ಬಿಗಿ ಅಂಡಾಣುಗಳನ್ನು ನಾನು ಬಿಡಿಸಿರಲಿಲ್ಲ. ಸುತ್ತಲಿನ ಕೋಶಗಳ ಸಮೇತ ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದೆ. ಒಂದು ಬಲಿಯಿತು, ಇನ್ನೊಂದು ಬಲಿಯಲಿಲ್ಲ. ಬಲಿತದ್ದಕ್ಕೆ ವೀರ್ಯಾಣು ಸೇರಿಸಿದೆವು, ಫಲಿತವೂ ಆಯಿತು, ಮೂರನೇ ದಿನಕ್ಕೆ ಬೆಳವಣಿಗೆ ನಿಂತಿತು. ತಾನಾಗಿ ಎದ್ದ ಅಂಡಾಣುವಿಗೂ ಸುತ್ತಲಿನವರು ಹೊತ್ತಿಗೆ ಸರಿಯಾಗಿ ಎಬ್ಬಿಸಿದ ಅಂಡಾಣುವಿಗೂ ಶಕ್ತಿಯಲ್ಲಿ ವ್ಯತ್ಯಾಸ ಇದೆ.

ಬಲಗಡೆಯ ಎಂಟು ಫಾಲಿಕಲ್‌ನಿಂದ ಏಳು ಅಂಡಾಣು ಸಿಕ್ಕವು. ಮೊದಲ ಟ್ಯೂಬ್ ಸುರಿದಾಗಲೇ ಬಿಳಿ ಮೋಡ ಕಂಡಿತು. ಕಿಟಕಿಯ ಆಚೆಗೆ ಕೇಳುವ ಹಾಗೆ "ಬಂತು" ಅಂದೆ.

ಆಮೇಲೆ ಇನ್ನೊಂದು ತೀರ್ಮಾನ ಇತ್ತು. ಇಕ್ಸಿ ಮಾಡುವುದೋ, ಸಾದಾ ಐವಿಎಫ್ ಮಾಡುವುದೋ? 1992ರಿಂದ ಬಳಕೆಗೆ ಬಂದ ಇಕ್ಸಿಯಲ್ಲಿ ಒಂದು ವೀರ್ಯಾಣುವನ್ನು ಸೂಜಿಯಿಂದ ನೇರ ಅಂಡಾಣುವಿನ ಒಳಗೆ ಬಿಡುತ್ತೇವೆ. ಅದಕ್ಕೆ ಮೊದಲು ಹ್ಯಾಲುರಾನಿಡೇಸ್ ಎಂಬ ಕಿಣ್ವದಲ್ಲಿ ಅರ್ಧ ನಿಮಿಷ ಇಟ್ಟು ಕ್ಯುಮ್ಯುಲಸ್ ಕಳಚಬೇಕು. ಸಾದಾ ಐವಿಎಫ್‌ನಲ್ಲಿ ಕ್ಯುಮ್ಯುಲಸ್ ಸಮೇತ ಬಿಡುತ್ತೇವೆ, ವೀರ್ಯಾಣು ತಾನೇ ದಾರಿ ಮಾಡಿಕೊಳ್ಳಬೇಕು. ಸೂಜಿಯಿಂದಲೇ ಆಗುತ್ತದಲ್ಲ, ಈ ಕೋಶಗಳು ಬೇಕೇ ಅಂತ ಹೊಸ ಹುಡುಗರು ಕೇಳುತ್ತಾರೆ. ಕಳಚುವ ಹೊತ್ತಿಗೆ ಅವು ಬಲಿಸುವ ಕೆಲಸ ಮುಗಿಸಿರುತ್ತವೆ, ಅದಕ್ಕೇ ಸೂಜಿ ಸಾಕಾಗುತ್ತದೆ. ಸಹಜ ದಾರಿಯಲ್ಲಿ ಅವಕ್ಕೆ ಇನ್ನೂ ಕೆಲಸ ಇದೆ. ಗರ್ಭನಾಳದ ಬಾಯಿಯ ಸಣ್ಣ ರೋಮಗಳು ಹಿಡಿದು ಒಳಗೆಳೆಯುವುದು ಈ ಲೋಳೆಯ ಮೋಡವನ್ನು, ಬರೀ ಅಂಡಾಣು ಆದರೆ ಜಾರುತ್ತದೆ. ಆ ಕೋಶಗಳು ಪ್ರೊಜೆಸ್ಟರಾನ್ ಸುರಿಸುತ್ತವೆ. ಅದು ತಗುಲಿದರೆ ಮನುಷ್ಯರ ವೀರ್ಯಾಣುವಿನ ಬಾಲದಲ್ಲಿರುವ ಕ್ಯಾಟ್‌ಸ್ಪರ್ ಎಂಬ ಕ್ಯಾಲ್ಸಿಯಂ ಬಾಗಿಲು ತೆರೆದು ಬಾಲದ ಬಡಿತ ಬದಲಾಗುತ್ತದೆ ಅಂತ 2011ರಲ್ಲಿ ಎರಡು ತಂಡಗಳು ತೋರಿಸಿದವು. ಕೋಲಾರದ ಕಡೆ ಹಸುಗಳ ಐವಿಎಫ್ ಮಾಡುವ ಒಬ್ಬ ಗೆಳೆಯ ಇದ್ದಾರೆ. ಹಸುವಿನ ಅಂಡಾಣುವಿನ ಒಳಗೆ ಕೊಬ್ಬು ತುಂಬಿ ಕಪ್ಪಾಗಿರುವುದರಿಂದ ಒಳಗಿನದು ಕಾಣುವುದಿಲ್ಲ. ಅವರು ಸುತ್ತಲಿನ ಕೋಶಗಳ ಪದರ ನೋಡಿಯೇ ಯಾವುದನ್ನು ಇಟ್ಟುಕೊಳ್ಳುವುದು ಅಂತ ನಿರ್ಧರಿಸುತ್ತಾರೆ. ಕೋಶ ಪೂರ್ತಿ ಕಳಚಿದ್ದಾದರೆ ವೀರ್ಯಾಣು ಬಿಟ್ಟಾಗ ಫಲಿತವಾಗುವುದು ಕಡಿಮೆ ಅನ್ನುವುದು ಅವರ ದಿನನಿತ್ಯದ ಅನುಭವ.

ನಾವು ಎರಡಕ್ಕೂ ಹಂಚಿದೆವು. ನಾಲ್ಕಕ್ಕೆ ಇಕ್ಸಿ, ಮೂರನ್ನು ಕ್ಯುಮ್ಯುಲಸ್ ಸಮೇತ ಬಿಟ್ಟೆವು. ಎಲ್ಲವನ್ನೂ ಇಕ್ಸಿಗೆ ಹಾಕಿದ್ದರೆ, ಹಿಂದಿನ ಸೋಲು ವೀರ್ಯಾಣು ಅಂಡಾಣು ಸೇರದ ಸಮಸ್ಯೆಯೋ ಅಲ್ಲವೋ ಅಂತ ಯಾವತ್ತೂ ತಿಳಿಯುತ್ತಿರಲಿಲ್ಲ. ಮಾರನೇ ಬೆಳಿಗ್ಗೆ ಇಕ್ಸಿಯ ನಾಲ್ಕರಲ್ಲಿ ಮೂರು, ಸಾದಾ ಐವಿಎಫ್‌ನ ಮೂರರಲ್ಲಿ ಎರಡು ಫಲಿತವಾಗಿದ್ದವು. ಸಾದಾ ಐವಿಎಫ್‌ನಲ್ಲಿ ಉಳಿದ ಆ ಒಂದು ಬಲಿತಿರಲಿಲ್ಲ. ಅಂಡಾಣುವಿನಲ್ಲೂ ದೋಷ ಇಲ್ಲ, ವೀರ್ಯಾಣುವಿನಲ್ಲೂ ಇಲ್ಲ. ಐದನೇ ದಿನಕ್ಕೆ ಎರಡು ಒಳ್ಳೆಯ ಭ್ರೂಣ ಉಳಿದವು, ಎರಡನ್ನೂ ಫ್ರೀಜ್ ಮಾಡಿದೆವು.

ಇದಾದ ಮೇಲೆ ನಮ್ಮಲ್ಲಿ ಬದಲಾದದ್ದು

ಲ್ಯಾಬ್ ಹಾಳೆಯಲ್ಲಿ ಪ್ರತಿ ಅಂಡಾಣುವಿನ ಎದುರು ಕ್ಯುಮ್ಯುಲಸ್‌ಗೆ ಒಂದು ಕಾಲಂ ಹಾಕಿದ್ದೇನೆ. ಬಿಗಿ, ಅರ್ಧ ಬಿಚ್ಚಿದೆ, ಪೂರ್ತಿ ಬಿಚ್ಚಿದೆ. ಕಳಚಿದ ಮೇಲೆ ಬರೆಯಲು ಬರುವುದಿಲ್ಲ, ಆ ಸಾಕ್ಷಿ ಅಲ್ಲಿಗೆ ಹೋಯಿತು. ಮೊದಲ ಅಂಡಾಶಯ ಮುಗಿದ ಕೂಡಲೇ ನಾನು ಕಿಟಕಿಯಿಂದ ಲೆಕ್ಕ ಹೇಳುತ್ತೇನೆ, ಡಾಕ್ಟರ್ ಅದನ್ನು ಕೇಳಿಯೇ ಇನ್ನೊಂದು ಕಡೆಗೆ ಹೋಗುತ್ತಾರೆ. ಟ್ರಿಗರ್ ಚೀಟಿ ಕನ್ನಡದಲ್ಲಿದೆ, ಎರಡು ಸೀಸೆಯ ಚಿತ್ರ ಇದೆ, ಖಾಲಿ ಸೀಸೆ ಎರಡನ್ನೂ ವಾಪಸ್ ತರಬೇಕು. ಮಾರನೇ ಬೆಳಿಗ್ಗೆ ಕಿಟ್ ಹಾಕಿ ಫೋಟೋ ಕಳಿಸಬೇಕು. ಒಂದೇ ಗೆರೆ ಬಂದರೆ ಪಿಕಪ್ಪಿಗೆ ಇನ್ನೂ ಒಂದು ದಿನ ಇರುತ್ತದೆ, ಸರಿಮಾಡಿಕೊಳ್ಳಬಹುದು. ಈ ಕೆಲಸದಲ್ಲಿರುವ ಬೇರೆಯವರಿಗೂ ಕೈಮುಗಿದು ಕೇಳುತ್ತೇನೆ, ಅಂಡಾಣುವಿನ ಗುಣಮಟ್ಟ ಕಡಿಮೆ ಅಂತ ಬರೆಯುವ ಮೊದಲು ಅದರ ಸುತ್ತ ಏನಿತ್ತು ಅಂತ ಬರೆಯಿರಿ.

ಮೊದಲ ಭ್ರೂಣ ಇಟ್ಟಾಗ ನಿಲ್ಲಲಿಲ್ಲ. ಅದಕ್ಕೆ ಕಾರಣ ಹುಡುಕಿದೆವು, ಸಿಗಲಿಲ್ಲ. ಆಕೆ ಎರಡು ತಿಂಗಳು ಬರಲಿಲ್ಲ. ಆಮೇಲೆ ಅತ್ತೆಯೇ ಕರೆದುಕೊಂಡು ಬಂದರು.

ಎರಡನೆಯದನ್ನು ಇಟ್ಟ ಹನ್ನೊಂದನೇ ದಿನ, ಬೆಳಗಿನ ಜಾವ ಐದೂವರೆಗೆ, ನನ್ನ ಫೋನಿಗೆ ಒಂದು ಫೋಟೋ ಬಂತು. ಮನೆಯಲ್ಲಿ ಪರೀಕ್ಷೆ ಮಾಡಬೇಡಿ, ರಕ್ತ ಪರೀಕ್ಷೆವರೆಗೂ ಕಾಯಿರಿ ಅಂತ ಹೇಳಿದ್ದೆವು. ಕಾದಿರಲಿಲ್ಲ. ಕಿಟ್‌ನಲ್ಲಿ ಎರಡು ಗೆರೆ, ಕೆಳಗೆ ಒಂದು ಸಾಲು: "ಮೇಡಂ, ಈ ಸಲ ಆ ಪುಡಿ ಇಂಜೆಕ್ಷನ್ ಕೊಟ್ಟಿಲ್ಲ ಅಲ್ವಾ?"

ನನಗೆ ಗೊತ್ತಿತ್ತು. ಆದರೂ ಲ್ಯಾಬಿಗೆ ಹೋಗಿ ಆಕೆಯ ಚಾರ್ಟ್ ತೆಗೆದು ಮೊದಲಿನಿಂದ ಕೊನೆಯವರೆಗೆ ಒಂದು ಸಲ ಓದಿದೆ. ಆಮೇಲೆ ಬರೆದೆ, "ಇಲ್ಲಮ್ಮ, ಕೊಟ್ಟಿಲ್ಲ."